ರಾಡ್ ಹಿಡಿಯದ ಮ್ಯಾನೇಜರ್

ಪ್ರಶ್ನೆ: ಎಂಟು ವರ್ಷ ಪ್ಲಾನಿಂಗ್ ವಿಭಾಗದಲ್ಲಿದ್ದೆ. ನಾಲ್ಕು ತಿಂಗಳ ಹಿಂದೆ 14 ವೆಲ್ಡರ್‌ಗಳಿರುವ ಫ್ಯಾಬ್ರಿಕೇಷನ್ ವಿಭಾಗಕ್ಕೆ ಮ್ಯಾನೇಜರ್ ಮಾಡಿದರು. ಒಂದು ದಿನ ಕೆಲಸ ಹಿಂದೆ ಬಿದ್ದಿತ್ತು. ‘7018 ವೆಲ್ಡಿಂಗ್ ರಾಡ್ ಒಣಗಿಸಲು ಎರಡು ಗಂಟೆ ಯಾಕೆ, ಹಾಗೇ ಬಳಸಿ’ ಎಂದುಬಿಟ್ಟೆ. ಹಿರಿಯ ವೆಲ್ಡರ್ ಒಬ್ಬರು ಎಲ್ಲರೆದುರು ‘ನೀವು ಒಂದು ದಿನವಾದರೂ ರಾಡ್ ಹಿಡಿದಿದ್ದೀರಾ ಮೇಡಂ?’ ಎಂದರು. ಅವತ್ತಿನಿಂದ ಅವರ ಮುಖ ನೋಡಲು ಆಗುತ್ತಿಲ್ಲ. ವೆಲ್ಡಿಂಗ್ ಕಲಿಯಲೇ, ಹಳೆಯ ಕೆಲಸಕ್ಕೆ ಮರಳಲೇ?

ಉತ್ತರ: ಮರಳಬೇಡಿ. ಆದರೆ ಕಲಿಯುವ ಮಾತಿಗಿಂತ ಮೊದಲು ಆ ರಾಡ್‌ಗಳ ವಿಷಯ ಮುಗಿಸಬೇಕು.

7018 ಲೋ ಹೈಡ್ರೋಜನ್ ರಾಡ್, ಅಂದರೆ ಬೆಸುಗೆಗೆ ಹೈಡ್ರೋಜನ್ ಕಡಿಮೆ ಸೇರಲೆಂದೇ ಮಾಡಿದ್ದು. ಅದರ ಲೇಪ ಗಾಳಿಯಲ್ಲಿನ ತೇವ ಹೀರುತ್ತದೆ. ಆರ್ಕ್‌ನ (ರಾಡಿನ ತುದಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯ) ಬಿಸಿಗೆ ಆ ನೀರು ಒಡೆದು ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ, ದಪ್ಪ ಪ್ಲೇಟು ಅಥವಾ ಗಡಸು ಉಕ್ಕಾದರೆ ಬಿರುಕು ಬಿಡಿಸುತ್ತದೆ. ಅಪಾಯವೆಂದರೆ, ಬಿರುಕು ಕೂಡಲೇ ಕಾಣದೆ ಒಂದೆರಡು ದಿನ ಬಿಟ್ಟೂ ಬರಬಹುದು. ಅದಕ್ಕೇ ಸಾಮಾನ್ಯವಾಗಿ 300–350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ, ಬಳಸುವ ತನಕ ಸುಮಾರು 120 ಡಿಗ್ರಿಯ ಓವನ್‌ನಲ್ಲಿ ಇಡುತ್ತಾರೆ. ಸರಿಯಾದ ಅಂಕಿ ತಯಾರಕರ ಪಟ್ಟಿಯಲ್ಲಿರುತ್ತದೆ. ಆ ದಿನ ಒಣಗಿಸದ ರಾಡ್‌ನಿಂದ ಬೆಸೆದ ಜಾಯಿಂಟ್‌ಗಳಿದ್ದರೆ ಗುರುತು ಹಾಕಿ ಇವತ್ತೇ ಪರೀಕ್ಷೆಗೆ ಕೊಡಿ. ಬಣ್ಣದ ದ್ರವ ಹಚ್ಚಿ ನೋಡುವ ಡೈ ಪೆನೆಟ್ರೆಂಟ್ ಪರೀಕ್ಷೆ ಮೇಲ್ಮೈಗೆ ತೆರೆದ ಬಿರುಕನ್ನಷ್ಟೇ ತೋರಿಸುತ್ತದೆ, ಒಳಗಿನದಕ್ಕೆ ಶಬ್ದ ತರಂಗದ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಆಮೇಲೆ ಆ ಹಿರಿಯರಿಗೆ, ಎಲ್ಲರೆದುರೇ, ‘ನಾನು ಹೇಳಿದ್ದು ತಪ್ಪು’ ಎನ್ನಿ. ಓವನ್ ಅನ್ನು ಹಿಂದಿನ ಶಿಫ್ಟ್‌ನಲ್ಲೇ ಹಚ್ಚಿಸಿದರೆ ಆ ಎರಡು ಗಂಟೆ ಉಳಿಯುತ್ತದೆ. ಅದು ಪ್ಲಾನಿಂಗ್ ಬಲ್ಲ ನಿಮಗೇ ಹೊಳೆಯಬೇಕಾದ ದಾರಿ.

ಇನ್ನು ಕಲಿಕೆ. ಅವರ ಹಾಗೆ ಬೆಸೆಯಲು ವರ್ಷಗಳೇ ಬೇಕು, ನಿಮಗದು ಬೇಕಿಲ್ಲ. ಬೆಸುಗೆ ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುವಷ್ಟು, ಕೆಲಸಕ್ಕೆ ಹಿಡಿಯುವ ಹೊತ್ತು ಅಂದಾಜಿಸುವಷ್ಟು ಬೇಕು. ಅದು ರಾಡ್ ಹಿಡಿಯದೆ ಬರುವುದಿಲ್ಲ. ಆರು ವಾರ, ದಿನಕ್ಕೆ ಅರ್ಧ ಗಂಟೆ ಸಾಕು. 6 ಮಿ.ಮೀ. ಸ್ಕ್ರ್ಯಾಪ್ ಪ್ಲೇಟು, 3.15 ಮಿ.ಮೀ.ನ 6013 ರಾಡ್, 100–120 ಆಂಪ್ಸ್. ಆರ್ಕ್‌ನ ಉದ್ದ ರಾಡಿನ ದಪ್ಪದಷ್ಟಿರಲಿ. ಕರೆಂಟ್ ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ, ಹೆಚ್ಚಾದರೆ ಅಂಚು ಕೊರೆದು ಅಂಡರ್‌ಕಟ್ ಆಗುತ್ತದೆ. ಬೆಸುಗೆಯ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಪೊರೆ ಕೆರೆಯದೆ ಮೇಲೊಂದು ಪಾಸ್ (ಬೆಸುಗೆಯ ಪದರ) ಹಾಕಿದರೆ ಅದು ಒಳಗೇ ಸಿಕ್ಕಿಬೀಳುತ್ತದೆ. ಜೊತೆಗೆ ಫಿಲೆಟ್ (ಎರಡು ಪ್ಲೇಟು ಕೂಡುವ ಮೂಲೆಯ ಬೆಸುಗೆ) ಗಾತ್ರವನ್ನು ಫಿಲೆಟ್ ಗೇಜ್ ಹಿಡಿದು ಅಳೆಯಿರಿ: 6 ಮಿ.ಮೀ. ಬೇಕಾದಲ್ಲಿ 8 ಮಿ.ಮೀ. ಹಾಕಿದರೆ ಲೋಹ ಸುಮಾರು ಶೇ 78ರಷ್ಟು ಹೆಚ್ಚು ಹೋಗುತ್ತದೆ, ಹೊತ್ತೂ ಅದರ ಹಿಂದೆಯೇ. ಕೆಲಸ ಹಿಂದೆ ಬೀಳಲು ಇದೂ ಕಾರಣವಿರಬಹುದು, ಹುಡುಕಿ.

ಎಷ್ಟೇ ಕಲಿತರೂ ಗ್ರಾಹಕರ ಜಾಯಿಂಟ್ ಮುಟ್ಟಬೇಡಿ. ಅದು ಪರೀಕ್ಷೆ ಪಾಸಾದ ವೆಲ್ಡರ್‌ಗಳ ಕೆಲಸ.

ಕಲಿಸಲು ಆ ಹಿರಿಯರನ್ನೇ ಕೇಳಿ. ಒಪ್ಪಿದರೆ ಅವರ ಶಿಫ್ಟ್ ಟಾರ್ಗೆಟ್‌ನಲ್ಲಿ ಆ ಅರ್ಧ ಗಂಟೆ ಕಳೆದುಬಿಡಿ, ಇಲ್ಲವಾದರೆ ನಿಮಗೆ ಕಲಿಸಿದ ತಪ್ಪಿಗೆ ಅವರು ದಂಡ ತೆತ್ತಂತಾಗುತ್ತದೆ.