ಒಂದು ಪ್ರವಾಸಿ ತಾಣ ದಿನಕ್ಕೆ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ?

ಮೊದಲು ಜಾಗದ ಲೆಕ್ಕ. ಬೆಟ್ಟದ ತುದಿಯಲ್ಲಿ 200 ಚದರ ಮೀಟರ್ ಇದೆ, ಒಬ್ಬರಿಗೆ 2 ಚದರ ಮೀಟರ್ ಬೇಕು ಅಂದುಕೊಳ್ಳಿ. ಒಂದು ಹೊತ್ತಿಗೆ 100 ಜನ. ದಿನಕ್ಕೆ 8 ಗಂಟೆ ತೆರೆದಿದ್ದು, ಒಬ್ಬೊಬ್ಬರು 2 ಗಂಟೆ ಇದ್ದರೆ ನಾಲ್ಕು ಸರದಿ, ಅಂದರೆ 400. ಇಷ್ಟಕ್ಕೇ ನಿಲ್ಲಿಸಬಾರದು. ಮಳೆ, ಮಣ್ಣಿನ ಸವೆತ, ಪ್ರಾಣಿಗಳ ಓಡಾಟ, ಒಂದೊಂದಕ್ಕೂ ಒಂದಿಷ್ಟು ಕಳೆಯಬೇಕು. ಆಮೇಲೆ ನೀರು, ಶೌಚಾಲಯ, ಸಿಬ್ಬಂದಿ ಎಷ್ಟು ಜನಕ್ಕೆ ಸಾಲುತ್ತದೆ ನೋಡಬೇಕು. 400 ಅನ್ನೋದು 100ಕ್ಕೂ ಇಳಿಯಬಹುದು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಮುಗಿಬಿದ್ದರು, ಅಲ್ವಾ? ಆಮೇಲೆ ಅರಣ್ಯ ಇಲಾಖೆ ಒಂದೊಂದು ಚಾರಣದ ದಾರಿಗೂ ದಿನಕ್ಕೆ 300 ಮಂದಿ ಅಂತ ಮಿತಿ ಹಾಕಿತು.

ಲೆಕ್ಕದ ಜೊತೆಗೆ ಕಾಲುದಾರಿಯನ್ನೂ ನೋಡಿ. ಮರದ ಬೇರು ಬಯಲಾಗಿ, ದಾರಿ ವರ್ಷವರ್ಷ ಅಗಲವಾಗುತ್ತಿದ್ದರೆ ಜನ ಈಗಾಗಲೇ ಜಾಸ್ತಿ ಆಗಿದ್ದಾರೆ.