ಸಂಪಾದಕರ ಉತ್ತರ: ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಹಾಡುಗಳು

ಮೇಷ್ಟ್ರೇ, ನಮಸ್ಕಾರ.

2000ದ ಆಸುಪಾಸಿನ ಇಂಗ್ಲಿಷ್ ಪಾಪ್ ಹಾಡುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಲಿಲ್ಲ. ‘ಎಲ್ಲಾ ಒಂದೇ ಥರ. ಸಾಹಿತ್ಯಕ್ಕೆ ತಲೆಬುಡವಿಲ್ಲ. ಕಾರ್ಖಾನೆ ಮಾಲಿಗೆ ಇಷ್ಟು ಪುಟ ಯಾಕೆ?’ ಎಂದು ಕೇಳಿದ್ದೀರಿ. ನಲವತ್ತು ವರ್ಷ ಕನ್ನಡ ಪಾಠ ಮಾಡಿದವರ ಪ್ರಶ್ನೆ. ಉದ್ದವಾಗಿಯೇ ಉತ್ತರಿಸುತ್ತೇನೆ.

ಒಂದೇ ಥರ ಎಂದಿರಲ್ಲ, ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಗಾಯಕಿ ಬ್ರಿಟ್ನಿ ಸ್ಪಿಯರ್ಸ್, ಹುಡುಗರ ತಂಡಗಳಾದ ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಎನ್‌ಸಿಂಕ್ ಎಲ್ಲರೂ ಅಮೆರಿಕದವರು. ಆದರೆ ಅವರ ದೊಡ್ಡ ಹಾಡುಗಳಲ್ಲಿ ಅನೇಕವು ಹುಟ್ಟಿದ್ದು ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್‌ನ ಶೈರಾನ್ ಎಂಬ ಒಂದೇ ಸ್ಟುಡಿಯೋದಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಡೆನಿಜ್ ಪಾಪ್ ಎಂಬ ಡಿಜೆ. ಜನ ಯಾವ ಹಾಡಿಗೆ ಎದ್ದು ಕುಣಿಯುತ್ತಾರೆ, ಯಾವುದಕ್ಕೆ ಕೂತುಬಿಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ ಕಲಿತವರು. ಅವರೇ ಬೆಳೆಸಿದ ಹುಡುಗ ಮ್ಯಾಕ್ಸ್ ಮಾರ್ಟಿನ್. ಮೊದಲು ರಾಕ್ ಬ್ಯಾಂಡೊಂದರಲ್ಲಿ ಹಾಡುತ್ತಿದ್ದವರು. 1998ರ ಆಗಸ್ಟ್‌ನಲ್ಲಿ ಡೆನಿಜ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ. ಮ್ಯಾಕ್ಸ್ ಬರೆದು ಬ್ರಿಟ್ನಿ ಹಾಡಿದ ‘ಬೇಬಿ ಒನ್ ಮೋರ್ ಟೈಮ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 1999ರ ಜನವರಿಯಲ್ಲಿ. ಅದನ್ನು ನೋಡಲು ಗುರು ಇರಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರ ತರುತ್ತದೆ.

ಈಗ ಸಾಹಿತ್ಯದ ವಿಷಯ. ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ ‘ಐ ವಾಂಟ್ ಇಟ್ ದಟ್ ವೇ’ ಹಾಡಿನಲ್ಲಿ ಆ ‘ದಟ್ ವೇ’ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಪಲ್ಲವಿಯಲ್ಲಿ ಒಂದು ಅರ್ಥ ಬಂದರೆ ಚರಣದಲ್ಲಿ ಅದರ ಉಲ್ಟಾ. ರೆಕಾರ್ಡ್ ಕಂಪನಿಗೂ ನಿಮ್ಮದೇ ತಕರಾರು ಇತ್ತು. ಅರ್ಥ ಕೂಡುವ ಹಾಗೆ ಸಾಹಿತ್ಯ ಬದಲಿಸಿ, ಇನ್ನೊಂದು ಸಲ ಹಾಡಿಸಿದರು. ಅದೂ ರೆಕಾರ್ಡ್ ಆಯಿತು. ಹಾಡುವ ಹುಡುಗರೇ ಒಪ್ಪಲಿಲ್ಲ. ಮೊದಲಿನದೇ ಬೇಕು ಎಂದರು. 1999ರಲ್ಲಿ ಲೋಕವೆಲ್ಲ ಕೇಳಿದ್ದು ಆ ಅರ್ಥ ಕೂಡದ ಹಾಡನ್ನೇ.

ಮ್ಯಾಕ್ಸ್‌ಗೆ ಮೊದಲು ಬೇಕಿದ್ದದ್ದು ರಾಗ. ಮಾತು ಆಮೇಲೆ. ಮೊದಲ ಸಾಲಿನಲ್ಲಿ ಎಷ್ಟು ಅಕ್ಷರವೋ ಅದಕ್ಕೆ ಜೋಡಿಯಾದ ಸಾಲಿನಲ್ಲೂ ಅಷ್ಟೇ ಇರಬೇಕು. ಒಂದು ಜಾಸ್ತಿಯಾದರೂ ಅವರ ಕಿವಿಗೆ ಅದು ಬೇರೆ ರಾಗ. ಮಾತ್ರೆ ಎಣಿಸಿ ಪ್ರಸ್ತಾರ ಹಾಕುವುದನ್ನು ಕಲಿಸಿದ ನಿಮಗೆ ಈ ಹಟ ಅರ್ಥವಾಗದೇ ಇರುತ್ತದಾ? ನಮ್ಮ ಸಿನಿಮಾದಲ್ಲೂ ಟ್ಯೂನ್ ಮೊದಲು ಬಂದು, ಅದಕ್ಕೆ ಸಾಹಿತ್ಯ ಕೂರಿಸುವುದು ಹಳೆಯ ರೂಢಿ ತಾನೇ. ಒಂದು ವ್ಯತ್ಯಾಸ ಉಂಟು. ಇಂಗ್ಲಿಷ್ ಮ್ಯಾಕ್ಸ್‌ನ ತಾಯಿನುಡಿ ಅಲ್ಲ. ಬ್ರಿಟ್ನಿಯ ಆ ‘ಬೇಬಿ ಒನ್ ಮೋರ್ ಟೈಮ್’ ಹಾಡಿನಲ್ಲಿ ‘ಹಿಟ್ ಮಿ’ ಎಂದು ಬರೆದದ್ದು ‘ಫೋನ್ ಮಾಡು’ ಎಂಬ ಅರ್ಥದಲ್ಲಂತೆ! ಹೊಡೆ ಎನ್ನುವ ಹಾಗೆ ಕೇಳುತ್ತದೆಂದೇ ಟಿಎಲ್‌ಸಿ ಎಂಬ ತಂಡ ಆ ಹಾಡನ್ನು ಬೇಡ ಎಂದಿತ್ತು. ಆಮೇಲೆ ಅದು 16 ವರ್ಷದ ಬ್ರಿಟ್ನಿಗೆ ಸಿಕ್ಕಿತು. ಈ ವಿಷಯದಲ್ಲಿ ನಿಮ್ಮ ಆಕ್ಷೇಪ ನ್ಯಾಯವೇ. ಅಂಥ ಸಾಲನ್ನು ಮಕ್ಕಳು ಸುಮ್ನೆ ಗುನುಗುವುದು ನನಗೂ ಇಷ್ಟವಿಲ್ಲ.

ಆದರೆ ಕಾರ್ಖಾನೆ ಎಂಬ ಮಾತನ್ನು ಒಪ್ಪಲಾರೆ. ಶೈರಾನ್ 2000ದಲ್ಲೇ, ಒಳ್ಳೇ ದುಡಿಮೆ ಇದ್ದಾಗಲೇ, ಬಾಗಿಲು ಹಾಕಿತು. ಲಾಭವೇ ಎಲ್ಲಾ ಆಗಿದ್ದರೆ ಯಾರು ಹಾಗೆ ಮಾಡುತ್ತಾರೆ? ಸ್ವೀಡನ್ನಿನಲ್ಲಿ ಊರಾಡಳಿತವೇ ನಡೆಸುವ ಸಂಗೀತ ಶಾಲೆಗಳಿವೆ. ಸಾಮಾನ್ಯರ ಮಕ್ಕಳಿಗೂ ಅಲ್ಲಿ ವಾದ್ಯ ಸಿಗುತ್ತದೆ, ಮೇಷ್ಟ್ರು ಸಿಗುತ್ತಾರೆ. ಮ್ಯಾಕ್ಸ್ ಅಂಥ ಕಡೆಯೇ ಫ್ರೆಂಚ್ ಹಾರ್ನ್ ಊದಲು ಕಲಿತವರು. ತನ್ನ ಬೆಳವಣಿಗೆಗೆ ಆ ಕಲಿಕೆಯೇ ಕಾರಣ ಎಂದು ಅವರೇ ಹೇಳಿದ್ದಾರೆ. ಲೇಖನದಲ್ಲಿ ಇದಕ್ಕೆ ಒಂದೇ ಪ್ಯಾರಾ ಸಿಕ್ಕಿತ್ತು. ನನ್ನ ಕೇಳಿದರೆ ಪುಟ ಕೊಡಬೇಕಾದದ್ದು ಇದಕ್ಕೇ.

ನೀವು ಸರ್ಕಾರಿ ಶಾಲೆಗಳಲ್ಲಿ ದುಡಿದವರು. ಅಲ್ಲಿ ಹಾಡು ಕಲಿಸುವವರು ಇದ್ದರಾ, ಇಲ್ಲದಾಗ ಮಕ್ಕಳು ಹೇಗೆ ಕಲಿತರು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ