ಬೆಂಕಿ ಆರಿಸೋಕೂ ಕಾಲೇಜು ಬೇಕಾ?

ಪ್ರಶ್ನೆ: ಮಗಳ ಸಂಸಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ. ಮೊಮ್ಮಗ ಅಲ್ಲೇ ಹುಟ್ಟಿದವನು, ಈಗ ಹೈಸ್ಕೂಲ್ ಮುಗಿಸಿದ್ದಾನೆ. ಕಂಪ್ಯೂಟರ್ ಸೈನ್ಸ್ ಬೇಡವಂತೆ, ಕಮ್ಯುನಿಟಿ ಕಾಲೇಜಿಗೆ ಸೇರಿ ಫೈರ್ ಟೆಕ್ನಾಲಜಿ ಓದುತ್ತಾನಂತೆ. ಅಳಿಯಂದಿರು ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಬೆಂಕಿ ಆರಿಸೋಕೆ ಎರಡು ವರ್ಷ ಓದೋದು ಏನಿರುತ್ತೆ?
– ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಬೇಕಾದಷ್ಟು ಇರುತ್ತೆ, ಮೇಷ್ಟ್ರೇ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಆ ರಾಜ್ಯದ ನಿವಾಸಿಗಳಿಗೆ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ, ಅಂದ್ರೆ ಓದನ್ನು ಅಳೆಯುವ ಒಂದು ಲೆಕ್ಕಕ್ಕೆ, 46 ಡಾಲರ್ ಫೀಸು. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯೂನಿಟ್ ಬೇಕು, ಅಂದ್ರೆ 2,760 ಡಾಲರ್. ಪುಸ್ತಕ, ಸಮವಸ್ತ್ರದ ಖರ್ಚು ಬೇರೆ. ಹೊಸದಾಗಿ ಸೇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಈ ಫೀಸನ್ನೂ ಬಿಟ್ಟುಬಿಡುವ ಕಾಲೇಜುಗಳಿವೆ. ಹುಡುಗ ಮನೆಯಲ್ಲೇ ಊಟ ಮಾಡಿಕೊಂಡು ಪಕ್ಕದ ಹೇವರ್ಡ್‌ನ ಶಬೋ ಕಾಲೇಜಿಗೆ ಹೋಗಿಬರಬಹುದು, ಅಲ್ಲಿ ಈ ವಿಭಾಗ ಇದೆ. ಇಷ್ಟು ಖರ್ಚಿಗೆ ಅಳಿಯಂದಿರು ಮಾತು ಬಿಡೋದು ಜಾಸ್ತಿಯಾಯಿತು ಅನ್ನಿಸುತ್ತೆ ನನಗೆ.

ಇನ್ನು ಓದಿನ ವಿಷಯ. ಮೇರಿಲ್ಯಾಂಡ್ ರಾಜ್ಯದ ಎಮಿಟ್ಸ್‌ಬರ್ಗ್‌ನಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಅಕಾಡೆಮಿ ಇದೆ. ಅಲ್ಲಿ ರೂಪಿಸಿದ ಮಾದರಿ ಪಠ್ಯಕ್ರಮವನ್ನೇ ತುಂಬಾ ಕಾಲೇಜುಗಳು ಇಟ್ಟುಕೊಂಡಿವೆ. ಬೆಂಕಿ ಹೇಗೆ ಹುಟ್ಟಿ ಹೇಗೆ ಹಬ್ಬುತ್ತೆ ಅನ್ನೋದು ಒಂದು ವಿಷಯ. ಒಂದು ಕೋಣೆಯಲ್ಲಿ ಸೋಫಾ ಹೊತ್ತಿಕೊಂಡಿತು ಅಂದುಕೊಳ್ಳಿ, ಬಿಸಿ ಹೊಗೆ ಮೇಲೇರಿ ಚಾವಣಿ ಕೆಳಗೆ ಪದರವಾಗಿ ನಿಲ್ಲುತ್ತೆ, ಆ ಪದರ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಕಾವಿಗೇ ಕೋಣೆಯಲ್ಲಿರುವ ಮೇಜು, ಪರದೆ, ಕಾರ್ಪೆಟ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತವೆ. ಇದಕ್ಕೆ ಫ್ಲ್ಯಾಶ್‌ಓವರ್ ಅಂತಾರೆ. ಅದರ ಸೂಚನೆ ಗೊತ್ತಾಗದೆ ಒಳಗೆ ನುಗ್ಗಿದವರು ಪೂರಾ ಗೇರ್ ಹಾಕಿಕೊಂಡಿದ್ದರೂ ಉಳಿಯೋದು ಕಷ್ಟ.

ನನ್ನ ಮಟ್ಟಿಗೆ ಅದಕ್ಕಿಂತ ರುಚಿಯಾದ ವಿಷಯ ಕಟ್ಟಡದ್ದು. ಅಲ್ಲಿನ ಮನೆಗಳ ಮರದ ಚಾವಣಿಯ ತೊಲೆಗಳನ್ನು ಎಷ್ಟೋ ಕಡೆ ತೆಳು ಉಕ್ಕಿನ ಹಲ್ಲುಪಟ್ಟಿ ಒತ್ತಿ ಜೋಡಿಸಿರುತ್ತಾರೆ. ಆ ಹಲ್ಲು ಮರದೊಳಗೆ ಇಳಿದಿರೋದು ಒಂದು ಸೆಂಟಿಮೀಟರ್ ಆಸುಪಾಸು. ಪಟ್ಟಿ ಕಾದು ಸುತ್ತಲಿನ ಮರ ಕರಕಲಾಗುತ್ತಿದ್ದ ಹಾಗೆ ಹಿಡಿತ ಸಡಿಲವಾಗುತ್ತೆ, ತೊಲೆ ಇನ್ನೂ ಗಟ್ಟಿಯಾಗಿರುವಾಗಲೇ ಚಾವಣಿ ಕುಸಿಯಬಹುದು. ಹೊಗೆ ಹೊರಬಿಡೋಕೆ ಚಾವಣಿ ಮೇಲೆ ನಿಂತು ರಂಧ್ರ ಕೊರೆಯುವ ಅಗ್ನಿಶಾಮಕನಿಗೆ ಇದು ಗೊತ್ತಿರಬೇಕಲ್ವಾ? 1911ರಲ್ಲಿ ನ್ಯೂಯಾರ್ಕ್‌ನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಒಂದು ಕಡೆಯ ಬಾಗಿಲಿಗೆ ಬೀಗ ಹಾಕಿತ್ತು, ಅಗ್ನಿಶಾಮಕದವರ ಏಣಿ ಆರನೇ ಮಹಡಿಗೇ ನಿಂತಿತ್ತು, ಜನ ಅದಕ್ಕಿಂತ ಮೇಲಿದ್ದರು. ಹೊರಹೋಗುವ ದಾರಿಯ ಕಾನೂನುಗಳನ್ನು ಓದುವಾಗ ಈ ಕಥೆ ಬಂದೇ ಬರುತ್ತೆ.

ಆದರೆ ಮೊಮ್ಮಗನಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ. ಡಿಗ್ರಿ ಸಿಕ್ಕಿತು ಅಂತ ಯಾರೂ ಫೈರ್ ಎಂಜಿನ್ ಹತ್ತಿಸಿಕೊಳ್ಳೋದಿಲ್ಲ. ಅದಕ್ಕೆ ಸ್ಥಳೀಯ ಫೈರ್ ಅಕಾಡೆಮಿಯ (ಎಮಿಟ್ಸ್‌ಬರ್ಗ್‌ನದಲ್ಲ) ತರಬೇತಿ ಬೇರೆ ಆಗಬೇಕು. ತುಂಬಾ ಇಲಾಖೆಗಳು ಸಿಪ್ಯಾಟ್ ಅನ್ನೋ ದೇಹದಾರ್ಢ್ಯ ಪರೀಕ್ಷೆ ಕೇಳುತ್ತವೆ: 50 ಪೌಂಡಿನ ಜಾಕೆಟ್ ಹೊತ್ತು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಇಎಂಟಿ, ಅಂದ್ರೆ ತುರ್ತು ಚಿಕಿತ್ಸೆಯ ಸರ್ಟಿಫಿಕೇಟೂ ಬೇಕು, ಯಾಕಂದ್ರೆ ಅಲ್ಲಿ ಅಗ್ನಿಶಾಮಕ ದಳಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಎದೆನೋವು, ಬಿದ್ದು ಪೆಟ್ಟಾದದ್ದು, ಇಂಥವೇ. ಇಎಂಟಿ ಕೋರ್ಸನ್ನು ಮೊದಲೇ ಮಾಡಲಿ ಅಂತೀನಿ. ರಕ್ತ ನೋಡಿದರೆ ತಲೆ ಸುತ್ತುತ್ತಾ ಇಲ್ವಾ ಅನ್ನೋದು ಬೇಗ ಗೊತ್ತಾಗಿಬಿಡಲಿ.

ತಲೆ ಸುತ್ತಿದರೂ ದಾರಿ ಮುಚ್ಚೋದಿಲ್ಲ. ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನೇ ನೀರು ಚಿಮ್ಮಿಸುವ ಪೈಪು) ವಿನ್ಯಾಸ, ಅಲಾರ್ಮ್ ವ್ಯವಸ್ಥೆ, ಕಟ್ಟಡ ತಪಾಸಣೆ, ನಕ್ಷೆ ಪರಿಶೀಲನೆ ಅಂತ ಇನ್ನೊಂದು ದೊಡ್ಡ ಲೋಕವೇ ಇದೆ. ಅಲ್ಲಿ ನೈಸೆಟ್ ಅನ್ನೋ ಸಂಸ್ಥೆಯ ನಾಲ್ಕು ಹಂತದ ಸರ್ಟಿಫಿಕೇಟಿಗೆ ಬೆಲೆ ಇದೆ. ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಫೈರ್ ಪ್ರೊಟೆಕ್ಷನ್ ಎಂಜಿನಿಯರಿಂಗ್ ಡಿಗ್ರಿಯನ್ನೇ ಮಾಡಬಹುದು. ಆ ಆಸೆ ಇದ್ದರೆ ಈಗಲೇ ಕ್ಯಾಲ್ಕುಲಸ್, ಕೆಮಿಸ್ಟ್ರಿ, ಫಿಸಿಕ್ಸ್ ಜೊತೆಗೆ ತೆಗೆದುಕೊಳ್ಳಲಿ, ಅವಿಲ್ಲದೆ ಮೇಲಿನ ಬಾಗಿಲು ತೆರೆಯೋದಿಲ್ಲ. ಅಳಿಯಂದಿರ ಕಿವಿಗೆ ಎಂಜಿನಿಯರಿಂಗ್ ಅನ್ನೋದು ಬಿದ್ದರೆ ಬಹುಶಃ ಮಾತೂ ಶುರುವಾಗುತ್ತೆ!

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಇದೇ ಕೋರ್ಸಿಗೆ ಅಮೆರಿಕಕ್ಕೆ ಹೋದರೆ ಫೈರ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಗ್ಯಾರಂಟಿ ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಹೋಗಲಾ?
– ದಾವಣಗೆರೆಯ ಓದುಗ

ಉತ್ತರ: ಬೇಡ. ಮೇಲೆ ಹೇಳಿದ 46 ಡಾಲರ್ ನಿಮಗೆ ಅನ್ವಯಿಸೋದಿಲ್ಲ, ಹೊರದೇಶದವರಿಗೆ ಫೀಸು ಅದರ ಹಲವು ಪಟ್ಟು. ಓದಿದ ಮೇಲೆ ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡೋಕೆ ಸಾಮಾನ್ಯವಾಗಿ 12 ತಿಂಗಳು ಸಿಗುತ್ತೆ, ವಿಜ್ಞಾನ-ತಂತ್ರಜ್ಞಾನದವರಿಗೆ ಕೊಡುವ ಹೆಚ್ಚುವರಿ ಅವಧಿಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಇರಬೇಕು, ಎರಡು ವರ್ಷದ ಡಿಗ್ರಿ ಸಾಲೋದಿಲ್ಲ. ಇಷ್ಟರಲ್ಲಿ ಗ್ಯಾರಂಟಿ ಎಲ್ಲಿಂದ ಬಂತು?

ನಾಗ್ಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜು ನೋಡಿ. ಕೇಂದ್ರ ಗೃಹ ಇಲಾಖೆಯದು, 1956ರಿಂದ ಇದೆ, ಅಲ್ಲಿ ಅಗ್ನಿಶಾಮಕ ದಳದ ಸಬ್ ಆಫೀಸರ್ ಕೋರ್ಸೂ ಇದೆ, ಫೈರ್ ಎಂಜಿನಿಯರಿಂಗ್ ಡಿಗ್ರಿಯೂ ಇದೆ. ಮೆಕ್ಯಾನಿಕಲ್ ಓದಿದವರಿಗೆ ಪಂಪು, ಪೈಪು, ಹೈಡ್ರಂಟ್ ಕೆಲಸ ಹೊಸದೇನಲ್ಲ. ಬೆಂಗಳೂರಿನಲ್ಲಿ ಫೈರ್ ಸಿಸ್ಟಮ್ ಹಾಕುವ ಕಾಂಟ್ರಾಕ್ಟರ್ ಹತ್ತಿರ ಸ್ವಲ್ಪ ದಿನ ಕೆಲಸ ಕಲಿಯಿರಿ. ಜೊತೆಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ, ಅಂದ್ರೆ ಅಗ್ನಿ ಸುರಕ್ಷತೆಯ ಭಾಗ, ಓದಿ. ಅಗ್ನಿ ಸುರಕ್ಷತೆಯ ನಿಯಮ ರೂಪಿಸುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ ನಿಯಮಗಳನ್ನೂ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ಪುಕ್ಕಟೆ ಓದಬಹುದು: ಸ್ಪ್ರಿಂಕ್ಲರ್‌ಗೆ 13 ನಂಬರಿನದು, ಅಲಾರ್ಮ್‌ಗೆ 72 ನಂಬರಿನದು.

ಏಜೆಂಟಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದರೆ ರಸೀದಿ ಹಿಡಿದುಕೊಂಡು ಹೋಗಿ ಈ ವಾರವೇ ವಾಪಸ್ ಕೇಳಿ.